ಶುಕ್ರವಾರದ ತಟ್ಟೆ

ಮ್ಯಾನೇಜರ್ ಆಕ್ರಾಯ್ಡ್ ಸಾಹೇಬ ಹುರಿದ ಕುರಿಮಾಂಸದ ತಟ್ಟೆಯನ್ನು ತನ್ನ ಕೈಯಾರೆ ಮ್ಯಾಲಕಿ ಟಿಯರ್ನಿಯ ಮುಂದೆ ಸರಿಸಿದ. ಅಂದು ಶುಕ್ರವಾರ. ಯೇಸು ಶಿಲುಬೆಯ ಮೇಲೆ ಪ್ರಾಣ ಬಿಟ್ಟ ವಾರವೆಂದು ಕ್ಯಾಥೊಲಿಕರು ಮಾಂಸ ಮುಟ್ಟದ ದಿನ. ಟೊರಾಂಟೊದ ಆ ಎರಕದ ಕಾರ್ಖಾನೆಯಲ್ಲಿ ಮೇಸ್ತ್ರಿಯ ಜಾಗ ಖಾಲಿಯಾದಾಗಲೆಲ್ಲ ಐರಿಷ್ ಕೇರಿಯ ಕ್ಯಾಥೊಲಿಕನೊಬ್ಬನಿಗೆ ಮ್ಯಾನೇಜರನ ಕೋಣೆಗೆ ಊಟಕ್ಕೆ ಕರೆ ಬರುತ್ತಿತ್ತು. ಬರುತ್ತಿದ್ದದ್ದು ಶುಕ್ರವಾರವೇ.

"ತಗೋ, ತಗೋ. ಆರಿದ್ರೆ ಕೊಬ್ಬು ಕಟ್ಟುತ್ತೆ," ಎಂದ ಸಾಹೇಬ.

ಮೆಟ್ಟಿಲು ಹತ್ತುವ ಮುಂಚೆ ಗೆಳೆಯ ಲೆನಿಹನ್ ತೋಳು ಹಿಡಿದು ಹೇಳಿದ್ದು ಮ್ಯಾಲಕಿಯ ಕಿವಿಯಲ್ಲೇ ಇತ್ತು. "ಕಣ್ಮುಚ್ಕೊಂಡು ತಿಂದ್ಬಿಡೋ ಮಾರಾಯ. ಹೋದ್ಸಲ ನಾನು ದೊಡ್ಡ ಸಂತನ ಥರ ತಟ್ಟೆ ಹಿಂದಕ್ಕೆ ತಳ್ದೆ. ಏನಂದ ಗೊತ್ತಾ? ಮೇಸ್ತ್ರಿ ಆಗೋನು ನನ್ನ ಮಾತು ಕೇಳ್ಬೇಕು, ಪಾದ್ರಿ ಮಾತಲ್ಲ ಅಂದ. ದೇವ್ರು ಕ್ಷಮಿಸ್ತಾನೆ ಬಿಡು. ನಿನ್ನ ಎದೆ ಕ್ಷಮ್ಸಲ್ಲ."

ಎದೆ ಕೆಟ್ಟಿದ್ದು ನಿಜ. ಕುಲುಮೆಯ ಹೊಗೆ, ಅಚ್ಚಿನ ಮರಳಿನ ಧೂಳು ಒಳಗೆ ಕೂತು ಗೂಡು ಕಟ್ಟಿದ್ದವು. ಇನ್ನೊಂದು ಚಳಿಗಾಲ ಅಲ್ಲೇ ನಿಂತರೆ ಉಳಿಯುವುದಿಲ್ಲ ಎಂದು ಡಾಕ್ಟರು ಅವನ ಹೆಂಡತಿಯ ಎದುರೇ ಹೇಳಿಬಿಟ್ಟಿದ್ದರು. ಮೇಸ್ತ್ರಿಯಾದವನಿಗೆ ಕುಲುಮೆಯಿಂದ ದೂರ ಗಾಜಿನ ಕೋಣೆ, ಸರೋವರದ ಕಡೆಗೆ ತೆರೆಯುವ ಕಿಟಕಿ. ಮ್ಯಾಲಕಿಗೆ ಬೇಕಿದ್ದದ್ದು ಆ ಕಿಟಕಿ. ಅವನು ಒಂದು ತುಂಡು ಕತ್ತರಿಸಿ ಬಾಯಿಗಿಟ್ಟ.

ಸಾಹೇಬ ತಾನು ತಿನ್ನುವುದು ಬಿಟ್ಟು ಅವನು ಅಗಿಯುವುದನ್ನೇ ನೋಡುತ್ತ ಕೂತ. "ಒಂದ್ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ ಟಿಯರ್ನಿ. ನಿಮ್ಮ ಜನ ದುಡೀತಾರೆ, ಇಲ್ಲ ಅನ್ನಲ್ಲ. ಆದ್ರೆ ಮೇಲಕ್ಕೆ ಬರಲ್ಲ. ನಮ್ಮಜ್ಜ ಯಾರ್ಕ್‌ಷೈರಿಂದ ಬಂದಾಗ ಕಾಲಲ್ಲಿ ಬೂಟೂ ಇರ್ಲಿಲ್ಲ."

"ನಮ್ಮಜ್ಜನೂ ಅದೇ ಹಡಗುಕಟ್ಟೆಗೇ ಇಳಿದಿದ್ದು ಸಾಹೇಬ್ರೇ."

"ನೋಡು ಮತ್ತೆ! ಇಬ್ರೂ ಶುರು ಮಾಡಿದ್ದು ಒಂದೇ ಕಡೆ. ಈಗ ನಾವೆಲ್ಲಿ, ನೀವೆಲ್ಲಿ? ಯಾಕೆ ಹೀಗಾಯ್ತು, ನೀನೇ ಹೇಳು."

ಯಾಕೆಂದು ಸಾಹೇಬನ ಬೆನ್ನ ಹಿಂದಿನ ಗೋಡೆಗೆ ಗೊತ್ತಿತ್ತು. ಅಲ್ಲಿ ಹಿಂದೊಮ್ಮೆ ಐರಿಷ್ ಕ್ಯಾಥೊಲಿಕರನ್ನು ಸೋಲಿಸಿದ, ಬಿಳಿ ಕುದುರೆಯೇರಿದ ರಾಜ ವಿಲಿಯಂನ ಪಟ, ಅದರ ಪಕ್ಕದ ಮೊಳೆಗೆ ಅವನ ಹೆಸರಲ್ಲಿ ಪ್ರಾಟೆಸ್ಟಂಟರು ಕಟ್ಟಿಕೊಂಡ ಲಾಡ್ಜೆಂಬ ಸಂಘದ ಕಿತ್ತಳೆ ಪಟ್ಟಿ. ಕಟ್ಟೆಗೆ ಇಳಿದ ದಿನವೇ ಒಬ್ಬ ಅಜ್ಜನನ್ನು ಲಾಡ್ಜಿನ ಅಣ್ಣತಮ್ಮಂದಿರು ತಬ್ಬಿಕೊಂಡು ಕೆಲಸಕ್ಕೆ ಹಚ್ಚಿದರು. ಇನ್ನೊಬ್ಬ ಅಜ್ಜನನ್ನು ಜ್ವರದವರನ್ನು ಕೂಡಿಹಾಕುವ ಶೆಡ್ಡಿಗೆ ಹಾಕಿದರು, ಬದುಕಿ ಹೊರಬಂದ ಮೇಲೆ ಚರಂಡಿ ತೋಡಲು ಗುದ್ದಲಿ ಕೊಟ್ಟರು. ಒಂದೇ ರಾಣಿಯ ಪ್ರಜೆಗಳು, ಒಂದೇ ಬಣ್ಣದ ಚರ್ಮ. ಮೂರು ತಲೆಮಾರು ಕಳೆದ ಮೇಲೂ ಪೊಲೀಸಿನವನು, ಬೆಂಕಿ ಆರಿಸುವವನು, ಮೇಸ್ತ್ರಿ, ಮ್ಯಾನೇಜರು ಎಲ್ಲರೂ ಆ ರಾಜನ ಗೆಲುವಿನ ಹಬ್ಬವಾದ ಜುಲೈ ಹನ್ನೆರಡರಂದು ಆ ಪಟ್ಟಿ ತೊಟ್ಟು ಡೋಲು ಬಡಿಯುತ್ತ ಹೋಗುತ್ತಾರೆ. ಮ್ಯಾಲಕಿಯ ಕೇರಿ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತದೆ.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿ ನೆನಪಾಯಿತು. ಮ್ಯಾಲಕಿ ಅದನ್ನು ಮಾಂಸದ ಜೊತೆ ನುಂಗಿದ. "ನಮ್ಮೋರಿಗೆ ಕುಡಿತ ಜಾಸ್ತಿ ಸಾಹೇಬ್ರೇ," ಎಂದ. ಅವನ ಮೂರು ತಲೆಮಾರಿನಲ್ಲಿ ಕುಡಿದವರೇ ಇರಲಿಲ್ಲ.

ಸಾಹೇಬ ಮನಸಾರೆ ನಕ್ಕ. ಇನ್ನೂ ಎರಡು ತುಂಡು ಬಡಿಸಿದ. ಮ್ಯಾಲಕಿ ಅದನ್ನೂ ತಿಂದ, ತಟ್ಟೆಯಲ್ಲುಳಿದ ಸಾರನ್ನು ರೊಟ್ಟಿಯಿಂದ ಒರೆಸಿ ತಿಂದ. ಆಮೇಲೆ ಕೆಮ್ಮು ತಡೆದುಕೊಂಡು ಕೇಳಿದ: "ಹಾಗಾದ್ರೆ ಸೋಮವಾರದಿಂದ ಮೇಲೆ ಬರ್ಲಾ ಸಾಹೇಬ್ರೇ?"

ಸಾಹೇಬ ಕರವಸ್ತ್ರದಿಂದ ಮೀಸೆ ಒರೆಸಿಕೊಂಡ. ನಿಧಾನವಾಗಿ ಮಡಿಸಿಟ್ಟ. "ಆ ಲೆನಿಹನ್ ಮಹಾ ಹಟಮಾರಿ. ಆದ್ರೂ ಅವನಿಗೊಂದು ದೇವರಿದ್ದ. ನೀನು ನೋಡಿದ್ರೆ ಒಂದು ತುಂಡು ಕುರಿಗೆ ದೇವರನ್ನೇ ಬಿಟ್ಟೆ. ನಾಳೆ ಇನ್ಯಾರೋ ಇದಕ್ಕಿಂತ ಒಳ್ಳೇ ಊಟ ಹಾಕಿದ್ರೆ ನನ್ನ ಬಿಡಲ್ಲ ಅಂತ ಏನು ಖಾತ್ರಿ? ಇಲ್ಲಪ್ಪ, ನಂಬಿಕೆ ಮುಖ್ಯ. ಸೋಮವಾರ ಆ ಜಾಗಕ್ಕೆ ನನ್ನ ತಂಗಿ ಮಗ ವಿಲ್ಫ್ರೆಡ್ ಬರ್ತಾನೆ. ಹೊಸಬ, ಪಾಪ. ಎರಕ ಹೊಯ್ಯೋದು ನೀನೇ ಸ್ವಲ್ಪ ಹೇಳ್ಕೊಡು."

ಮ್ಯಾಲಕಿ ಎದ್ದು "ಥ್ಯಾಂಕ್ಸ್ ಸಾಹೇಬ್ರೇ" ಎಂದ. ಯಾಕೆ ಹಾಗೆಂದೆನೆಂದು ಮೆಟ್ಟಿಲಿಳಿಯುವಾಗಲೂ ಅವನಿಗೆ ತಿಳಿಯಲಿಲ್ಲ.

ಕೆಳಗೆ ಕುಲುಮೆಯ ಬಳಿ ಲೆನಿಹನ್ ಮರಳಿನ ಗುಡ್ಡೆಯ ಮೇಲೆ ಕೂತು ಶುಕ್ರವಾರದ ಬುತ್ತಿ ಬಿಚ್ಚಿದ್ದ. ರೊಟ್ಟಿ, ಬೇಯಿಸಿದ ಮೊಟ್ಟೆ. ಮ್ಯಾಲಕಿ ಹತ್ತಿರ ಬರುತ್ತಲೇ ಅವನ ತೋಳು ಮೂಸಿ ಕಣ್ಣರಳಿಸಿದ.

"ತಿಂದ್ಯಾ?"

"ತಿಂದೆ."

"ಭಲೇ ಮಗನೇ! ಇನ್ಮೇಲೆ ನಿಂಗೂ ಟೋಪಿ ತೆಗೀಬೇಕಲ್ಲೋ ನಾನು. ಮೇಸ್ತ್ರಿಗಳು ಯಾವಾಗ್ಲಿಂದ ಮೇಲೆ ಹತ್ತೋದು?"

ಮ್ಯಾಲಕಿ ಗೂಟದಲ್ಲಿದ್ದ ಚರ್ಮದ ಏಪ್ರನ್ ತೆಗೆದು ಕಟ್ಟಿಕೊಂಡ. ಕುಲುಮೆಯ ಬಾಯಿಗೆ ಮುಖ ಕೊಟ್ಟು ನಿಂತ ಮೇಲೆ ಹೇಳಿದ:

"ಇಲ್ಲ ಕಣೋ. ಈ ಸಲ ಅವರಿಗೆ ನಿನ್ನಂಥೋನು ಬೇಕಾಗಿತ್ತಂತೆ."