ಹಟ್ಟಿಯೊಳಗೆ ಸರಕಾರ

ಸರಕಾರಿ ಪಟ್ಟೇವಾಲಾ ಯಲ್ಲಾರಿ ಕುರಿಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಹಟ್ಟಿಯ ಬಾಗಿಲು ದಾಟಬೇಕು, ಅಷ್ಟರಲ್ಲಿ ನಾಯಿ ಬಂದು ಅವನ ಧೋತರದ ಚುಂಗು ಹಿಡಿಯಿತು. ಬೊಗಳಲಿಲ್ಲ, ಗುರ್ ಎನ್ನಲಿಲ್ಲ. ಹಿಡಿದುಕೊಂಡು ಸುಮ್ಮನೆ ಕುಳಿತಿತು.

"ಏ ಕರೆವ್ವ, ನಾಯಿ ಕರಿ!"

"ಅದು ಏನೂ ಮಾಡೂದಿಲ್ರಿ. ಭಾಳ ಸಂಭಾವಿತ ಐತಿ," ಎಂದಳು ಕುರುಬರ ಕರೆವ್ವ. "ಆ ಮರೀದ ತಾಯಿ ಸತ್ತೈತ್ರಿ. ಆಡಿನ ಹಾಲು ಕುಡಿಸಿ ಬದುಕಿಸೀನಿ. ಅದನ್ನ ಬಿಡ್ರಿ."

"ತಾಯಿ ಇಲ್ಲದ್ದ ಛಲೋ ಆತು. ಅಳಾವ್ರು ಯಾರೂ ಇಲ್ಲ."

ಕುಲಗೋಡದಲ್ಲಿ ಅಂದು ಸಾಹೇಬರ ಮುಕ್ಕಾಂ. ರೈತರ ಕಷ್ಟ ವಿಚಾರಿಸಲು ಬಂದವರು. ಬರಿಹೊಟ್ಟೆಯಲ್ಲಿ ಕಷ್ಟ ವಿಚಾರಿಸುವುದು ಯಾರಿಂದಲೂ ಆಗದು. ಹೀಗಾಗಿ ಊರಿನ ತುಪ್ಪ, ಕಟ್ಟಿಗೆ, ತತ್ತಿ ಎಲ್ಲವೂ ಬೆಳಗ್ಗೆಯೇ ಬಿಟ್ಟಿಯಾಗಿ ಡೇರೆ ಸೇರಿದ್ದವು. ಉಳಿದದ್ದು ಒಂದು ಮರಿ. ಊಟದ ಹೊತ್ತಿಗೆ ಅದು ಬರದಿದ್ದರೆ ಬೆನ್ನಿನ ಚರ್ಮ ಸುಲಿಯುವುದಾಗಿ ಕಾರಕೂನರು ಯಲ್ಲಾರಿಗೆ ಹೇಳಿ ಕಳಿಸಿದ್ದರು. ಇಂಥ ವಿಷಯದಲ್ಲಿ ಕಾರಕೂನರು ಮಾತಿಗೆ ತಪ್ಪಿದವರಲ್ಲ. ಕರೆವ್ವನ ಗಂಡ ಕುರಿ ಮೇಯಿಸಲು ಹೋಗಿದ್ದ. ಹಟ್ಟಿಯಲ್ಲಿ ಎಳೆಯ ಮರಿಗಳು, ಅವುಗಳನ್ನು ಕಾಯಲು ಕರೆವ್ವ ಮತ್ತು ಹಂಡ್ಯಾ ಎಂಬ ಈ ಕಪ್ಪುಬಿಳಿ ನಾಯಿ, ಇಷ್ಟೇ.

ಯಲ್ಲಾರಿ ಧೋತರ ಜಗ್ಗಿದ. ಹಂಡ್ಯಾ ತಟ್ಟನೆ ಬಿಟ್ಟಿತು. ಯಲ್ಲಾರಿ ಮುಗ್ಗರಿಸಿದ, ಮರಿ ಜಾರಿತು. ನಾಯಿ ಅದನ್ನು ಮೂತಿಯಿಂದ ನೂಕಿ ಒಳಗೆ ಸೇರಿಸಿತು; ತಿರುಗಿ ಬಂದು, ಅವನ ಹೆಗಲಿನಿಂದ ಕಳಚಿ ಬಿದ್ದಿದ್ದ, ಸರಕಾರಿ ಚಾಕರಿಯ ಗುರುತಾದ ಕೆಂಪು ಪಟ್ಟೆಯನ್ನೂ ಕಚ್ಚಿಕೊಂಡು ಹೋಯಿತು. ಪಟ್ಟೆಗೆ ಹಿತ್ತಾಳೆಯ ಬಿಲ್ಲೆ, ಬಿಲ್ಲೆಯ ಮೇಲೆ ಲಂಡನ್ನಿನ ರಾಜನ ಕಿರೀಟ. ಹಂಡ್ಯಾನ ಈ ಚಾಳಿ ಹಳೆಯದು. ಹೊಲದ ಧಣಿಯ ಚಪ್ಪಲಿ, ಯಾರದೋ ಕೂಸಿನ ಕುಲಾವಿ, ಸಿಕ್ಕಿದ್ದನ್ನೆಲ್ಲ ತಂದು ಮರಿಗಳ ನಡುವೆ ಇಡುವುದು, ಇಟ್ಟಮೇಲೆ ಕಾಯುವುದು. ಈಗ ಸರಕಾರವನ್ನೂ ತಂದಿಟ್ಟು ಅದರ ಮೇಲೆ ಗದ್ದವೂರಿ ಮಲಗಿತು.

ಬಿಲ್ಲೆ ಇಲ್ಲದ ಯಲ್ಲಾರಿ ಬರೀ ಯಲ್ಲಾರಿ. ಅವನ ದನಿ ತಾನಾಗಿಯೇ ಇಳಿಯಿತು.

"ಕರೆವ್ವಾ, ಅದನ್ನ ಕೊಡಿಸು. ಬಿಲ್ಲೆ ಕಳದ್ರ ನನ್ನ ನೌಕರಿ ಹೋಗತೈತಿ."

"ಹಟ್ಯಾಗ ಬಂದದ್ದನ್ನ ಅದು ನನಗೂ ಕೊಡೂದಿಲ್ರಿ. ಕುರಿ ಬಂದು ಕೇಳಿದ್ರ ಕೊಟ್ಟೀತು."

"ಕುರಿ ಅಂದ್ರ?"

"ಈ ಕಂಬಳಿ ಹೊತ್ಕೋರಿ. ಕೈಕಾಲು ಊರ್ಕೊಂಡು ಸಾವಕಾಶ ಹೋಗ್ರಿ."

ಖರೆ ಹೇಳುತ್ತಿದ್ದಾಳೋ ಚೇಷ್ಟೆ ಮಾಡುತ್ತಿದ್ದಾಳೋ, ಅವಳ ಮುಖ ನೋಡಿದರೆ ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಬೆಳಗಿನಿಂದ ಇಡೀ ಊರನ್ನು ಕೈಮುಗಿಸಿ ನಿಲ್ಲಿಸಿದ್ದ ಪಟ್ಟೇವಾಲಾ ಆಚೆ ಈಚೆ ನೋಡಿದ. ಕಂಬಳಿ ಹೊದ್ದು, ಮಂಡಿಯೂರಿ, ಹಿಕ್ಕೆಯ ಮೇಲೆ ಅಂಗೈ ಇಡುತ್ತ ಹೊರಟ. ಹಂಡ್ಯಾ ಮೂಸಿ ನೋಡಿತು. ಕಂಬಳಿಯ ವಾಸನೆ ಮನಸ್ಸಿಗೆ ಬಂತೇನೋ, ಆಗತಾನೆ ಹುಟ್ಟಿದ ಮರಿಯನ್ನು ನೆಕ್ಕುವಂತೆ ಅವನ ಕಿವಿ, ಹಣೆ, ಮೀಸೆ ಎಲ್ಲ ನೆಕ್ಕಿ ಚೊಕ್ಕ ಮಾಡಿತು. ಯಲ್ಲಾರಿ ಮೆಲ್ಲಗೆ ಪಟ್ಟೆ ಎಳೆದು ಕೊರಳಿಗೆ ಹಾಕಿಕೊಂಡ. ಇನ್ನು ಏಳಬೇಕು, ನಾಯಿ ಮೈಯಿಂದ ನೂಕಿ ಅವನನ್ನು ಮರಿಗಳ ನಡುವೆ ಕೂರಿಸಿತು. ಮತ್ತೆ ಎದ್ದ. ಮತ್ತೆ ಕೂರಿಸಿತು.

"ಮೇಯಾಕ ಬಿಡೂ ಹೊತ್ತು ಇನ್ನೂ ಆಗಿಲ್ರಿ," ಎಂದಳು ಕರೆವ್ವ.

ಆಗ ಕಾರಕೂನರೇ ಬಂದರು. ಕೈಯಲ್ಲಿ ಬೆತ್ತ.

"ಎಲ್ಲೈತೋ ಮರಿ? ಅಲ್ಲಿ ಅರದಿಟ್ಟ ಮಸಾಲಿ ಒಣಗಾಕತ್ತೈತಿ!"

ಮರಿಗಳ ನಡುವಿನಿಂದ ಬಿಲ್ಲೆ ಹೊಳೆಯಿತು. ಕುರಿಗಳಲ್ಲಿ ಇಂಥದೊಂದು ತಳಿಯನ್ನು ಕಾರಕೂನರು ಕಂಡಿರಲಿಲ್ಲ.

"ಸರಕಾರದ ಮಾನ ಕಳದೆಲ್ಲೋ, ಕತ್ತಿಮಗನ!"

ಒಳಗೆ ನುಗ್ಗಿ ಬೆತ್ತ ಎತ್ತಿದರು. ಯಲ್ಲಾರಿ ಕಣ್ಣು ಮುಚ್ಚಿ ಬೆನ್ನು ಬಗ್ಗಿಸಿದ. ಆ ಬೆನ್ನಿಗೆ ಅದು ರೂಢಿಯಾಗಿತ್ತು.

ಏಟು ಬೀಳಲಿಲ್ಲ. ಅಷ್ಟು ಹೊತ್ತು ದನಿಯನ್ನೇ ತೆಗೆಯದಿದ್ದ ಹಂಡ್ಯಾ ಇಬ್ಬರ ನಡುವೆ ನಿಂತು, ಇದ್ದ ಹಲ್ಲುಗಳನ್ನೆಲ್ಲ ತೋರಿಸಿ ಗುರುಗುಟ್ಟುತ್ತಿತ್ತು. ಕಾರಕೂನರು ಹಿಂದೆ ಸರಿಯುತ್ತ ಸರಿಯುತ್ತ ಜಾಲಿಮುಳ್ಳಿನ ಬೇಲಿಯ ಮೇಲೆ ಕುಳಿತು, ಕುಳಿತಷ್ಟೇ ಬೇಗ ಎದ್ದರು. ಬೇಲಿಯ ಆಚೆ ಸೇರಿದ ಮೇಲೆ ಅವರಿಗೆ ಧೈರ್ಯವೂ ಜೀವದಯೆಯೂ ಒಟ್ಟಿಗೇ ಬಂದವು.

"ಸಾಹೇಬರಿಗೆ ಬದನಿಕಾಯಿ ಮಾಡಸ್ತೇನಿ. ನೀ ಹೊರಗ ಬಾ ಮಗನ, ನಿನಗ ಐತಿ!" ಎಂದು ಧೋತರ ಹಿಡಿದುಕೊಂಡು ನಡೆದರು.

ಅವರು ಮರೆಯಾದ ಮೇಲೆ ಕರೆವ್ವ ನಗುತ್ತ ಎದ್ದು ಬಂದಳು. ಒಂದೇ ಕೈಯಲ್ಲಿ ಹಂಡ್ಯಾನ ಕೊರಳು ಹಿಡಿದಳು. ಅದು ಬಾಲ ಆಡಿಸುತ್ತ ನಿಂತಿತು.

"ಹಿಡದೀನ್ರಿ. ಎದ್ದು ಬರ್ರಿ."

ಇಷ್ಟು ಸಲೀಸಾಗಿ ಹಿಡಿಯಬಹುದಾಗಿದ್ದರೆ ಮೊದಲೇ ಏಕೆ ಹಿಡಿಯಲಿಲ್ಲ ಎಂದು ಯಲ್ಲಾರಿ ರೇಗಬೇಕಾಗಿತ್ತು. ರೇಗಲಿಲ್ಲ. ಏಳಲೂ ಇಲ್ಲ. ಅವನ ಇಡೀ ಚಾಕರಿಯಲ್ಲಿ ಅವನ ಸಲುವಾಗಿ ಯಾರೊಬ್ಬರೂ ಹೀಗೆ ಅಡ್ಡ ನಿಂತಿರಲಿಲ್ಲ. ತಾಯಿಯಿಲ್ಲದ ಆ ಮರಿ ಅವನ ತೊಡೆಗೆ ಒರಗಿ ನಿದ್ದೆ ಹೋಗಿತ್ತು. ಅವನು ಕಂಬಳಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡ.

"ಅದನ್ನ ಬಿಡು ಯವ್ವಾ, ಹಿಡೀಬ್ಯಾಡ. ಇನ್ನೊಂದೀಟು ಹೊತ್ತು ಕುರಿ ಆಗೇ ಇರತೇನಿ."