ತುಟಿ ಕಾಣದ ಶಾಟ್

“ಮುಗೀತು ಅಕ್ಕಾ! ಹೊರಗೆ ಬನ್ನಿ, ಕಾಫಿ ತರಿಸ್ತೀನಿ,” ಎಂದ ಸದ್ದಣ್ಣ, ಗಾಜಿನ ಆಚೆಯಿಂದ. ಧ್ವನಿಮುದ್ರಣ ಮಾಡುವ ಅವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಕೋರ್ಟ್ ಧಾರಾವಾಹಿಯ ಮೊದಲ ಸೀಸನ್ನಿನ ಕಡೆಯ ಕಂತು ಅದು. ಪರದೆಯ ಮೇಲೆ ಕರಿಕೋಟಿನ ಲಾಯರಮ್ಮ ಕೇಸು ಗೆದ್ದು, ಕ್ಯಾಮೆರಾಕ್ಕೆ ಬೆನ್ನು ಮಾಡಿ, ಜನರ ನಡುವೆ ಮೆಟ್ಟಿಲಿಳಿದು ಹೋಗುತ್ತಿದ್ದಳು. ಸೀಸನ್ ಪೂರ್ತಿ ಆ ಲಾಯರಮ್ಮನಿಗೆ ದನಿ ಕೊಟ್ಟವಳು ಮಾತ್ರ ಮೈಕಿನ ಮುಂದಿನಿಂದ ಕದಲಲಿಲ್ಲ.

“ಈ ಶಾಟಲ್ಲಿ ಒಂದು ಮಾತು ಸೇರಿಸ್ಲಾ?”

“ಸ್ಕ್ರಿಪ್ಟಲ್ಲಿ ಏನೂ ಇಲ್ವಲ್ಲಕ್ಕಾ.”

“ಬೆನ್ನು ತಿರುಗ್ಸಿದಾಳೆ, ತುಟಿ ಕಾಣಲ್ಲ. ಏನು ಹೇಳಿದ್ರೂ ನಡೆಯುತ್ತೆ.”

ಅದು ನಿಜವೇ. ಮುಖ ಕಂಡರೆ ನಟಿ ಬಾಯಿ ತೆರೆದಾಗ ತೆರೆಯಬೇಕು, ಮುಚ್ಚಿದಾಗ ಮುಚ್ಚಬೇಕು. ಡಬ್ಬಿಂಗಿನವರ ಹಣೆಬರಹ ಬೇರೆಯವರ ತುಟಿಯ ಮೇಲಿರುತ್ತದೆ. ಬೆನ್ನು ಕಂಡಾಗಷ್ಟೇ ಒಂದಿಷ್ಟು ಉಸಿರಾಡುವ ಜಾಗ.

“ಸರಿ, ಏನು ಮಾತದು?”

“ತಲೆ ಒರೆಸ್ಕೊಂಡ್ಯಾ, ಚಿನಕುರಳಿ?”

ಸದ್ದಣ್ಣ ಹೆಡ್‌ಫೋನನ್ನೇ ಕಳಚಿಬಿಟ್ಟ. “ಕೋರ್ಟಿನ ಮೆಟ್ಲ ಮೇಲಾ? ಯಾರ ತಲೆ ಅಕ್ಕಾ? ಜಡ್ಜ್ ಸಾಹೇಬ್ರದ್ದಾ?”

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಚಿನಕುರಳಿ ಎಂದರೆ ಅವಳ ಮಗಳೆಂದು ಅವನಿಗೆ ಆಮೇಲೆ ನೆನಪಾಗಿ, ನಾಲಿಗೆ ಕಚ್ಚಿಕೊಂಡ.

ಆ ಮಗಳು ಈಗ ಅಪ್ಪನ ಮನೆಯಲ್ಲಿದ್ದಳು. ಗಂಡ ಹೆಂಡತಿ ಬೇರೆಯಾದಾಗ ನಿಜವಾದ ಕೋರ್ಟಿನಲ್ಲಿ ನಿಜವಾದ ನ್ಯಾಯಾಧೀಶರು, “ಮಗಳ ವಿಚಾರದಲ್ಲಿ ನೀವೇನಾದ್ರೂ ಹೇಳೋದಿದೆಯೇನಮ್ಮ?” ಎಂದು ಕೇಳಿದ್ದರು. ಮೈಕಿನ ಮುಂದೆ ಅರಳು ಹುರಿದ ಹಾಗೆ ಮಾತಾಡುವವಳ ಬಾಯಿಗೆ ಅಂದು ಬೀಗ ಬಿದ್ದಿತ್ತು. ಬೆಂಚಿನ ತುದಿಯಲ್ಲಿ ಕೂತ ಮಗಳು ಅಮ್ಮನನ್ನೇ ನೋಡುತ್ತಿದ್ದಳು. “ನೀನ್ಯಾಕೆ ಏನೂ ಹೇಳ್ಲಿಲ್ಲ?” ಎಂದು ಹೊರಗೆ ಬಂದ ಮೇಲೆ ಮಗಳು ಕೇಳಿದ್ದೇ ಕೊನೆ. ತಿಂಗಳಿಗೊಂದು ಭಾನುವಾರ ನಾದಿನಿ ಅವಳನ್ನು ಪಾರ್ಕಿಗೆ ಕರೆತರುತ್ತಿದ್ದಳು. ಹುಡುಗಿ ತುಟಿ ಹೊಲಿದುಕೊಂಡು ಕೂರುತ್ತಿದ್ದಳು, ಹೊತ್ತಾದಾಗ ಎದ್ದು ಹೋಗುತ್ತಿದ್ದಳು.

ಕಳೆದ ಸಲ ನಾದಿನಿಯೇ ಬಾಯಿಬಿಟ್ಟಿದ್ದಳು. “ನಿಮ್ಮ ಕೋರ್ಟ್ ಧಾರಾವಾಹಿ ಇವಳು ಒಂದು ದಿನಾನೂ ಬಿಡಲ್ಲ ಅತ್ತಿಗೆ. ಮಜಾ ಏನು ಗೊತ್ತಾ, ಟಿವಿ ಮುಂದೆ ಕಣ್ಮುಚ್ಕೊಂಡು ಕೂತಿರ್ತಾಳೆ!” ಮಗಳು ಸರ್ರನೆ ಮುಖ ತಿರುಗಿಸಿದ್ದಳು. ಅಂದಿನಿಂದ ಲಾಯರಮ್ಮನ ಒಂದೊಂದು ಮಾತನ್ನೂ ಇವಳು ಆ ಮುಚ್ಚಿದ ಕಣ್ಣುಗಳಿಗಾಗಿಯೇ ಆಡಿದಳು. ಈಗ ನೋಡಿದರೆ ಎರಡನೇ ಸೀಸನ್ನಿಗೆ ನಟಿ ತಾನೇ ಮಾತಾಡುತ್ತಾಳಂತೆ. ಇವಳ ದನಿಗೆ ಆ ಮನೆಯೊಳಗೆ ಇದ್ದ ದಾರಿ ಅದೊಂದೇ. ಅದೂ ಇವತ್ತಿಗೆ ಮುಚ್ಚುತ್ತಿತ್ತು.

“ಆ ಗದ್ದಲದಲ್ಲಿ ಯಾರಿಗೂ ಕೇಳ್ಸಲ್ಲ ಅಕ್ಕಾ,” ಎಂದ ಸದ್ದಣ್ಣ ಮೆತ್ತಗೆ.

“ಕೇಳ್ಬೇಕಾದವಳಿಗೆ ಕೇಳ್ಸುತ್ತೆ ಬಿಡು.”

“ನಿರ್ದೇಶಕರು ಕೇಳಿದ್ರೆ ನಂಗೇನೂ ಗೊತ್ತಿಲ್ಲ, ಆಯ್ತಾ?” ಎಂದವನು ಹೆಡ್‌ಫೋನ್ ಏರಿಸಿ ಕೆಂಪು ದೀಪ ಹಾಕಿದ.

ಲಾಯರಮ್ಮ ಬೆನ್ನು ತಿರುಗಿಸಿದಳು. ಇವಳು ಮೈಕಿಗೆ ಇನ್ನಷ್ಟು ಹತ್ತಿರವಾದಳು. ಬಂದದ್ದು ಲಾಯರಮ್ಮನ ದನಿಯಲ್ಲ. ಸ್ನಾನ ಮಾಡಿ ತಲೆಯಿಂದ ನೀರು ತೊಟ್ಟಿಕ್ಕಿಸುತ್ತಾ ಮನೆಯಿಡೀ ಓಡುವ ಹುಡುಗಿಯ ಹಿಂದೆ, ಟವೆಲ್ ಹಿಡಿದು ಓಡುವವಳ ದನಿ. “ತಲೆ ಒರೆಸ್ಕೊಂಡ್ಯಾ, ಚಿನಕುರಳಿ?”

ಕಂತು ಪ್ರಸಾರವಾದ ಮೇಲಿನ ಭಾನುವಾರ ಅವಳು ಪಾರ್ಕಿಗೆ ಎಲ್ಲರಿಗಿಂತ ಮೊದಲು ಹೋಗಿ ಕೂತಳು. ಮಗಳು ಬಂದು ಎಂದಿನಂತೆ ಬೆಂಚಿನ ಆ ತುದಿ ಹಿಡಿದಳು. ನಾದಿನಿ ನಡುವೆ ಕೂತು ನೆಗಡಿ, ಪರೀಕ್ಷೆ, ಹೊಸ ಬೂಟಿನ ಸುದ್ದಿಯನ್ನೆಲ್ಲ ಒಬ್ಬಳೇ ಹೇಳಿದಳು. ಕಡೆಯ ಕಂತಿನ ಸುದ್ದಿ ಬರಲೇ ಇಲ್ಲ. ತಾನು ಸೇರಿಸಿದ ಮಾತು ಸಂಗೀತದಲ್ಲಿ ಮುಳುಗಿ ಹೋಗಿರಬೇಕು, ಇಲ್ಲವೇ ನಿರ್ದೇಶಕರು ಕತ್ತರಿಸಿರಬೇಕು. ಕೇಳೋಣವೆಂದರೆ ಹಾಳು ಬಾಯಿಗೆ ಇವತ್ತೂ ಅದೇ ಬೀಗ.

“ಹೊತ್ತಾಯ್ತು, ಬರ್ತೀವಿ ಅತ್ತಿಗೆ,” ಎಂದು ನಾದಿನಿ ಎದ್ದಳು.

ಅತ್ತೆಯ ಕೈಹಿಡಿದು ಹುಡುಗಿ ಹೊರಟಳು. ಗೇಟಿನ ಹತ್ತಿರ ನಿಂತಳು. ತಿರುಗಲಿಲ್ಲ. ಇವಳಿಗೆ ಕಂಡದ್ದು ಬರೀ ಬೆನ್ನು.

“ಒರೆಸ್ಕೊಂಡೆ,” ಎಂದಿತು ಬೆನ್ನು.

“ಏನನ್ನೇ ಒರೆಸ್ಕೊಂಡಿದ್ದು?” ಎಂದು ಅತ್ತೆ ಬಗ್ಗಿ ಕೇಳಿದಳು.

ಹುಡುಗಿ ಎದೆಯ ಮೇಲಿದ್ದ ಒಣಗಿದ ಜಡೆಯನ್ನು ತೆಗೆದು, ಅಮ್ಮನಿಗೆ ಕಾಣುವ ಹಾಗೆ ಬೆನ್ನಿನ ಮೇಲೆ ಹಾಕಿಕೊಂಡಳು.