ಮೂರಕ್ಕಿಳಿದ ಪೈ

ಸ್ಕೂಟರು ಹೈಸ್ಕೂಲು ಮುಟ್ಟುವಷ್ಟರಲ್ಲಿ ಗಣಿತದ ಇಂದುಮತಿ ಮೇಡಂಗೆ ಸೊಂಟ ಹಿಡಿದುಕೊಂಡಿತ್ತು. ರಾತ್ರೋರಾತ್ರಿ ಚಕ್ರಗಳಿಗೆ ಆರಾರು ಮೂಲೆ ಬಂದಿದ್ದವು. ಅವರ ತರಗತಿಯ ಮಕ್ಕಳು ವರ್ಷ ವರ್ಷವೂ ಸೇರಿ ಕಟ್ಟುತ್ತಿದ್ದ ಗಣಿತದ ವೆಬ್‌ಸೈಟಿನಲ್ಲಿ ಏನು ಬರೆದರೂ ಊರಿನಲ್ಲಿ ಅದು ಹಾಗೇ ನಿಜವಾಗುತ್ತಿತ್ತು. ಅದೇನೂ ಹೊಸತಲ್ಲ.

"ಪೈ ಬೆಲೆ ಮೂರು ಅಂತ ಬರೆದವರು ಯಾರ್ರೋ?" ಮೇಡಂ ತರಗತಿಗೆ ಕಾಲಿಡುತ್ತಲೇ ಕೇಳಿದರು.

ತಬಸ್ಸುಮ್ ಎದ್ದು ನಿಂತಳು. "ನಾನೇ ಮಿಸ್. ಲೆಕ್ಕ ಸುಲಭವಾಗ್ಲಿ ಅಂತ."

"ಸುಲಭವಂತೆ! ಹುಯ್ದ ದೋಸೆಗೂ ಆರು ಮೂಲೆ! ಮೊದಲು ತಿದ್ದು."

ಅವಳು ತಿದ್ದಿದಳು. ಮೇಡಂ ಕಿಟಕಿಯಲ್ಲಿ ಇಣುಕಿದರು. ಚಕ್ರ ದುಂಡಗಾಗಿತ್ತು, ಆದರೆ ಅಂಚಿನಲ್ಲೊಂದು ಸಣ್ಣ ಉಬ್ಬು ಉಳಿದಿತ್ತು.

"ಈಗೇನು ಬರೆದೆ?"

"ನೀವು ಹೇಳಿಕೊಟ್ಟಿದ್ದೇ ಮಿಸ್, ಇಪ್ಪತ್ತೆರಡು ಬೈ ಏಳು. ಮುಂಚೆಯಿಂದ್ಲೂ ಅದೇ ಇತ್ತಲ್ಲ."

ನಿಜವಾದ ಪೈಗಿಂತ ಅದು ಕೂದಲೆಳೆಯಷ್ಟು ಹೆಚ್ಚು. ಮೇಡಂ ಹಾಜರಿ ಕರೆಯತೊಡಗಿದರು. ಇಷ್ಟು ವರ್ಷ ಗಾಡಿ ಕುಲುಕಿದಾಗಲೆಲ್ಲ ಅವರು ಹಿಡಿಶಾಪ ಹಾಕಿದ್ದು ಪುರಸಭೆಗೆ.